ಅಟ್ಟದಿಂದ ಇಳಿದ ಕಾಮಿಕ್ಸ್: ಯಾವ ಶುಚಿಯಿಂದ ಗ್ರೇಡ್ ಉಳಿಯುತ್ತದೆ, ಯಾವ ರಿಪೇರಿಯಿಂದ ಬೀಳುತ್ತದೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆ ಹಂಚಿನ ಮನೆಗಳ ಅಟ್ಟ ಹುಡುಕಿದರೆ ಕನ್ನಡ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆಯ ಕಟ್ಟುಗಳು ಸಿಗುವುದುಂಟು. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಅಂದರೆ ಅದರ ಕೊನೆಯ ಸಂಚಿಕೆಯೂ ಕಾಸರಗೋಡಿನ ಮೂವತ್ತಕ್ಕೂ ಹೆಚ್ಚು ಮಳೆಗಾಲ ಕಂಡಿದೆ. ಕಟ್ಟು ಕೈಗೆ ಬಂದೊಡನೆ ಒದ್ದೆ ಬಟ್ಟೆ, ಟೇಪು, ಅಂಟು ಹುಡುಕುವವರೇ ಹೆಚ್ಚು. ದಯವಿಟ್ಟು ಒಂದು ದಿನ ತಡೆಯಿರಿ.

ಗ್ರೇಡ್ ಎಂಬುದು ಪ್ರತಿಯ ಸ್ಥಿತಿಗೆ ಕೊಡುವ 0.5ರಿಂದ 10.0ರವರೆಗಿನ ಅಂಕ. 9.4 ನಿಯರ್ ಮಿಂಟ್, 8.0 ವೆರಿ ಫೈನ್, 6.0 ಫೈನ್, 4.0 ವೆರಿ ಗುಡ್, 2.0 ಗುಡ್. ಅಂಕದಷ್ಟೇ ತೂಕ ಲೇಬಲ್ಲಿನ ಬಣ್ಣಕ್ಕೂ ಉಂಟು. ಕಾಮಿಕ್ಸಿಗೆ ಗ್ರೇಡ್ ಕೊಟ್ಟು ಲೇಬಲ್ ಹಚ್ಚುವ ಅಮೆರಿಕದ ಸಿಜಿಸಿ ಸಂಸ್ಥೆ ರಿಪೇರಿ ಕಾಣದ ಪ್ರತಿಗೆ ನೀಲಿ ಲೇಬಲ್ ಕೊಡುತ್ತದೆ, ರಿಸ್ಟೋರ್ ಆದದ್ದಕ್ಕೆ, ಅಂದರೆ ರಿಪೇರಿ ಮಾಡಿ ಹೊಸದರಂತೆ ಕಾಣಿಸಿದ್ದಕ್ಕೆ, ನೇರಳೆ. ನೇರಳೆ ಲೇಬಲ್ಲಿನಲ್ಲಿ ಕೆಲಸದ ಗುಣಮಟ್ಟಕ್ಕೆ ಎ, ಬಿ, ಸಿ ಎಂಬ ಅಕ್ಷರ, ಪ್ರಮಾಣಕ್ಕೆ 1ರಿಂದ 5ರವರೆಗಿನ ಅಂಕೆ ಸೇರುತ್ತದೆ. ಆಮ್ಲರಹಿತವಾದ, ಬೇಕಾದಾಗ ಬಿಡಿಸಿ ತೆಗೆಯಬಹುದಾದ ಸಾಮಗ್ರಿಯಿಂದ ವೃತ್ತಿಪರರು ಹರಿದದ್ದನ್ನು ಸೇರಿಸಿದ್ದರೆ ಕನ್ಸರ್ವ್ಡ್ ಎಂಬ ಬೇರೆ ಲೇಬಲ್ ಸಿಗುತ್ತದೆ. ಪೇಟೆಯಲ್ಲಿ ನೇರಳೆಯ 6.0ಕ್ಕಿಂತ ನೀಲಿಯ 4.0ನ್ನೇ ಕೇಳುವವರು ಬಹಳ. ಪ್ರತಿಯನ್ನು ಅಮೆರಿಕಕ್ಕೆ ಕಳಿಸುವ ಯೋಚನೆ ಇಲ್ಲದಿದ್ದರೂ ಕೊಳ್ಳುವವನು ನೋಡುವುದು ಇದನ್ನೇ.

ಒಣ ಶುಚಿ (ನೀರಿಲ್ಲದೆ ಕೊಳೆ ತೆಗೆಯುವುದು) ಮತ್ತು ಪ್ರೆಸ್ಸಿಂಗ್ (ಒತ್ತಿ ಮಡಿಕೆ ಇಳಿಸುವುದು), ಇವೆರಡನ್ನು ಸಿಜಿಸಿ ರಿಸ್ಟೋರೇಶನ್ ಎಂದು ಲೆಕ್ಕಿಸುವುದಿಲ್ಲ. ನೀರು ಅಥವಾ ದ್ರಾವಕದಿಂದ ತೊಳೆಯುವುದು, ಬ್ಲೀಚ್, ಬಣ್ಣ ತುಂಬುವುದು, ಕಾಗದದ ತುಂಡು ಸೇರಿಸುವುದು, ಅಂಟು, ಪಿನ್ನು ಬದಲಿಸುವುದು, ಅಂಚು ಕತ್ತರಿಸುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೇಲೆ ಕೂತ ಕೊಳೆ ತೆಗೆಯಬಹುದು. ಹೊಸದಾಗಿ ಏನನ್ನೂ ಸೇರಿಸಬಾರದು, ಇದ್ದದ್ದನ್ನು ಕತ್ತರಿಸಬಾರದು, ಒದ್ದೆ ಮಾಡಬಾರದು.

ಮೊದಲ ಕೆಲಸ ಒಣಗಿಸುವುದು. ಅಡಿಕೆಯ ಜತೆ ಅಂಗಳದ ಬಿಸಿಲಿಗೆ ಹಾಕಲೇಬೇಡಿ. ನ್ಯೂಸ್‌ಪ್ರಿಂಟಿನಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತದೆ, ಮುಖಪುಟದ ಬಣ್ಣ ಮಾಸುತ್ತದೆ, ಆಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ, ಪುಸ್ತಕ ಸ್ವಲ್ಪ ಬಿಡಿಸಿ ಮೂರು ನಾಲ್ಕು ದಿನ ಇಡಿ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ಹವೆ ಇದಕ್ಕೆ ಒಳ್ಳೆಯದು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕಟ್ಟು ಬಿಚ್ಚಿದರೆ ಕಾಗದ ಇನ್ನಷ್ಟು ತೇವ ಎಳೆಯುತ್ತದೆ.

ಬೂಸ್ಟು ಹಿಡಿದ ಪ್ರತಿಗಳನ್ನು ಬೇರೆ ಇಡಿ. ತೇವವಿರುವಾಗ ಬೂಸ್ಟು ಉಜ್ಜಿದರೆ ಅದು ಕಾಗದದ ನಾರಿನೊಳಗೆ ಕೂತು ಕಾಯಂ ಕಲೆಯಾಗುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ, ಎನ್-95 ಮಾಸ್ಕ್ ಹಾಕಿಕೊಂಡು, ಮೃದು ಬ್ರಷ್ಷಿನಿಂದ ಬೆನ್ನಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಗುಡಿಸಿ. ಹುಳ ಇದ್ದರೆ ಒಣಗಿದ ಪ್ರತಿಯನ್ನು ಎರಡು ಜಿಪ್ ಚೀಲಗಳೊಳಗೆ ಮುಚ್ಚಿ -18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರಹನಿ ಕೂರುತ್ತದೆ. ತಣ್ಣಗಿಟ್ಟರೆ ಹುಳ ಸಾಯುತ್ತದೆ, ಬೂಸ್ಟು ಸಾಯುವುದಿಲ್ಲ.

ಅಡುಗೆಮನೆಯ ಮೇಲಿನ ಅಟ್ಟದಲ್ಲಿದ್ದ ಪ್ರತಿಗೆ ಹೊಗೆಯ ಮಸಿ ಹಿಡಿದಿರುತ್ತದೆ. ಇದಕ್ಕೆ ರಬ್ಬರು ಉಜ್ಜಿದರೆ ಮಸಿ ಹರಡಿ ಬೂದು ಬಣ್ಣದ ಮೋಡದಂತೆ ಅಂಟಿಕೊಳ್ಳುತ್ತದೆ. ಮಸಿ ತೆಗೆಯುವ ಒಣ ರಬ್ಬರ್ ಸ್ಪಾಂಜಿನಿಂದ ಮೊದಲು ಒತ್ತಿ ಒತ್ತಿ ಎತ್ತಬೇಕು, ಎಳೆಯಬಾರದು. ಉಳಿದ ಕೊಳೆಗೆ ಬಿಳಿ ಪ್ಲಾಸ್ಟಿಕ್ ರಬ್ಬರನ್ನು ತುರಿದು, ಆ ಪುಡಿಯನ್ನು ಬೆರಳ ತುದಿಯಿಂದ ಹಗುರಾಗಿ ಆಡಿಸಿ. ಗುಲಾಬಿ ರಬ್ಬರು ಬೇಡ, ಅದು ಕಾಗದವನ್ನು ಕೆರೆಯುತ್ತದೆ. ಹಿಂದಿನ ಪುಟದ ಬಿಳಿ ಅಂಚಿನಲ್ಲಿ ಒಂದು ಸೆಂಟಿಮೀಟರ್ ಪರೀಕ್ಷಿಸಿ, ಪುಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೆಂಪು, ಕಪ್ಪು ಗಾಢವಾಗಿ ಮುದ್ರಿಸಿದ ಜಾಗವನ್ನು ಮುಟ್ಟದಿರುವುದೇ ಕ್ಷೇಮ.

ಮಡಿಕೆಗಳಲ್ಲಿ ಎರಡು ಜಾತಿ. ಬಣ್ಣ ಒಡೆಯದ ಮಡಿಕೆ ಪ್ರೆಸ್ಸಿಂಗಿನಿಂದ ಬಹಳಷ್ಟು ಇಳಿಯುತ್ತದೆ, ಗ್ರೇಡ್ ನಿಜವಾಗಿ ಏರುತ್ತದೆ. ಬಣ್ಣ ಒಡೆದು ಬಿಳಿ ಗೆರೆ ಕಾಣುವ ಮಡಿಕೆ ಎಷ್ಟು ಒತ್ತಿದರೂ ಹೋಗದು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ: ಹೊಳಪಿನ ಮುಖಪುಟ ಅಂಟುತ್ತದೆ, ಪಿನ್ನಿನ ಅಚ್ಚು ಒಳಪುಟಗಳಿಗೆ ಬೀಳುತ್ತದೆ, ಟೇಪಿದ್ದರೆ ಅದರ ಅಂಟು ಕರಗಿ ಹೊರಬರುತ್ತದೆ. ಶಾಖವಿಲ್ಲದೆ ಮಾಡುವ ಕ್ರಮ ಹೀಗೆ: ಮುಖಪುಟ ಮತ್ತು ಮೊದಲ ಪುಟದ ನಡುವೆ, ಹಾಗೆಯೇ ಹಿಂಬದಿಯಲ್ಲಿ, ಸಿಲಿಕಾನ್ ಲೇಪದ ಕಾಗದ, ಎರಡೂ ಹೊರಬದಿಗೆ ಬ್ಲಾಟಿಂಗ್ ಕಾಗದ, ಆಮೇಲೆ ಸಪಾಟಾದ ಎರಡು ಪ್ಲೈವುಡ್ ಹಲಗೆ, ಮೇಲೆ ಐದಾರು ಕಿಲೋ ಭಾರ, ಎರಡು ವಾರ. ಮಳೆಗಾಲದಲ್ಲಿ ಮಾಡಿದರೆ ಹೊರತೆಗೆದ ಎರಡೇ ದಿನಕ್ಕೆ ಮುಖಪುಟ ಮತ್ತೆ ಅಲೆಯಾಗುತ್ತದೆ.

ಹಳೆ ಟೇಪನ್ನು ಕೀಳಬೇಡಿ. ಟೇಪು ಗ್ರೇಡ್ ತಗ್ಗಿಸುವ ದೋಷವಾಗಿ ಎಣಿಕೆಯಾಗುತ್ತದೆ, ರಿಸ್ಟೋರೇಶನ್ ಆಗಿ ಅಲ್ಲ. ಕಿತ್ತರೆ ಮುದ್ರಣದ ಪದರವೇ ಎದ್ದು ಬರುತ್ತದೆ. ಹಾಗೆಂದು ಹೊಸ ಟೇಪು ಹಚ್ಚುವುದೂ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಒಣಗಿದ ಮೇಲೆ ಬಿಡಿಸಲು ಆಗದು. ಮನೆಯಲ್ಲಿ ಕಾಯಿಸಿದ ಮೈದಾ ಗೋಂದು ಹುಳಕ್ಕೆ ಊಟ. ಕನ್ಸರ್ವೇಶನ್ನಿಗೆ ಬಳಸುವುದು ಶುದ್ಧ ಗೋಧಿ ಪಿಷ್ಟದ ಅಂಟು ಮತ್ತು ತೆಳು ಜಪಾನಿ ಕಾಗದ. ಅದು ಕಲಿತ ಕೈಯ ಕೆಲಸ. ಮುಖಪುಟ ಬೇರ್ಪಟ್ಟಿದ್ದರೆ ಹಾಗೇ ಚೀಲದಲ್ಲಿ ಜೋಡಿಸಿಡಿ. ತುಕ್ಕು ಹಿಡಿದ ಪಿನ್ನೂ ಅಲ್ಲೇ ಇರಲಿ.

ನಮ್ಮ ಕಡೆ ದೊಡ್ಡ ನಷ್ಟ ಬೈಂಡಿನಿಂದ. ಹನ್ನೆರಡು ಸಂಚಿಕೆ ಒಟ್ಟಿಗೆ ಹೊಲಿಸಿ, ಮೂರು ಬದಿ ಕಟ್ಟರಿಗೆ ಕೊಟ್ಟು ನೇರ ಮಾಡಿಸುವ ರೂಢಿ ಮನೆಗಳಲ್ಲೂ ವಾಚನಾಲಯಗಳಲ್ಲೂ ಇತ್ತು. ಓದುವವರ ಪ್ರೀತಿಯಿಂದಲೇ ಉಳಿದ ಪುಸ್ತಕಗಳವು, ಅದಕ್ಕೆ ಬೆಲೆ ಉಂಟು. ಆದರೆ ಅಂಚು ಕತ್ತರಿಸಿದ್ದು ಗ್ರೇಡಿನ ಲೆಕ್ಕದಲ್ಲಿ ರಿಸ್ಟೋರೇಶನ್. ಈಗ ಬೈಂಡು ಬಿಚ್ಚಿಸಿ ಬಿಡಿ ಸಂಚಿಕೆಗಳಾಗಿ ಮಾರಲು ಹೊರಟರೆ ಬೆನ್ನಿನ ಹೊಲಿಗೆ ತೂತುಗಳೂ ಎದ್ದು ಕಾಣುತ್ತವೆ. ಸಂಪುಟವನ್ನು ಸಂಪುಟವಾಗಿಯೇ ಇಡಿ.

ಕೊಳ್ಳುವಾಗ ಇದನ್ನೇ ತಿರುಗಿಸಿ ನೋಡಬೇಕು. ಅದೇ ಮಾಲಿಕೆಯ, ಅದೇ ಕಾಲದ ಇನ್ನೊಂದು ಪ್ರತಿಯ ಪಕ್ಕ ಇಟ್ಟು ಅಗಲ, ಎತ್ತರ ಅಳೆಯಿರಿ. ಮೂರು ಮಿಲಿಮೀಟರ್ ಕಮ್ಮಿ, ಅಂಚು ಮಾತ್ರ ಹೊಸದಾಗಿ ಬೆಳ್ಳಗೆ ಎಂದಾದರೆ ಕತ್ತರಿ ಬಿದ್ದಿದೆ. ಮುಖಪುಟದ ಒಳಬದಿ ನೋಡಿ, ಬಣ್ಣ ತುಂಬಿದ್ದರೆ ಸ್ಕೆಚ್ ಪೆನ್ನಿನ ಶಾಯಿ ಅಲ್ಲಿ ಚುಕ್ಕೆಯಾಗಿ ಇಳಿದಿರುತ್ತದೆ. ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಬಿಟ್ಟರೆ ಆಮೇಲೆ ಸೇರಿಸಿದ ಬಿಳಿ ಕಾಗದ ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತದೆ. ಬ್ಲೀಚ್ ಮಾಡಿದ್ದು ಹಲವೊಮ್ಮೆ ಮೂಗಿಗೇ ಗೊತ್ತಾಗುತ್ತದೆ.

ಇಡುವುದಕ್ಕೆ ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲರಹಿತ ಬೋರ್ಡು, ಗಾಳಿಯಾಡದ ಡಬ್ಬ. 25 ಲೀಟರಿನ ಡಬ್ಬಕ್ಕೆ ಸುಮಾರು 200 ಗ್ರಾಂ ಸಿಲಿಕಾ ಜೆಲ್ ಹಾಕಿ, ಒಳಗೊಂದು ತೇವಮಾಪಕ ಇಡಿ. 45ರಿಂದ 55 ಶೇಕಡಾ ಸರಿ, 65 ದಾಟಿದರೆ ಬೂಸ್ಟು ಶುರು. ಕಿತ್ತಳೆ ಜೆಲ್ ಹಸಿರಾದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ತಣಿದ ಮೇಲೆ ಮತ್ತೆ ಬಳಸಿ. ನುಸಿಗುಳಿಗೆ ಬೇಡ, ವಾಸನೆ ಕಾಗದಕ್ಕೆ ಹತ್ತಿ ಬಿಡುವುದೇ ಇಲ್ಲ. ಪ್ರತಿಯೊಂದು ಬೋರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ: ಯಾವ ತಿಂಗಳು, ಎಲ್ಲಿ ಒಣ ಶುಚಿ, ಎಷ್ಟು ದಿನ ಭಾರ. ಮಾರುವಾಗ ಆ ಸಾಲನ್ನೇ ವಿವರಣೆಯಲ್ಲಿ ಹಾಕಿ, ಬೆನ್ನು, ನಡುಪುಟ, ಎರಡೂ ಪಿನ್ನುಗಳ ಫೋಟೊವನ್ನು ಓರೆ ಬೆಳಕಿನಲ್ಲಿ ತೆಗೆದು ಸೇರಿಸಿ.