ಹೊಟ್ಟೆ ಕೆಟ್ಟಾಗ ನಾವೇ ಮಾತ್ರೆ ತಗೊಳ್ಳೋದು ಹೇಗೆ

ಮೆಡಿಕಲ್‌ಗೆ ಹೋಗಿ "ಹೊಟ್ಟೆ ಸರಿ ಇಲ್ಲ, ಏನಾದ್ರೂ ಕೊಡಿ" ಅಂದ್ರೆ ಏನೋ ಒಂದು ಕೊಟ್ಟು ಕಳಿಸ್ತಾರೆ, ಆದ್ರೆ ಎದೆ ಉರಿಗೆ ಬೇರೆ ಮಾತ್ರೆ, ಗ್ಯಾಸ್‌ಗೆ ಬೇರೆ, ಲೂಸ್ ಮೋಷನ್‌ಗೆ ಬೇರೆ. ಏನಾಗ್ತಿದೆ, ಯಾವಾಗಿಂದ, ಬೇರೆ ಏನು ಮಾತ್ರೆ ತಗೊಳ್ತಿದೀರ, ಇಷ್ಟನ್ನ ಬಿಡಿಸಿ ಹೇಳಿ. ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರು ನೋಡಿ ಸುಮ್ಮನಾಗ್ಬೇಡಿ, ಅದರ ಜೊತೆಗೇ ಔಷಧಿಯ ನಿಜವಾದ ಹೆಸರೂ ಇರುತ್ತೆ, ಅದನ್ನ ಓದಿ, ಯಾಕಂದ್ರೆ ಎರಡು ಬೇರೆ ಬ್ರ್ಯಾಂಡ್ ಒಳಗೂ ಒಂದೇ ಔಷಧಿ ಇದ್ರೆ ಡಬಲ್ ಡೋಸ್ ಆಗೋಗುತ್ತೆ.

ಹುಳಿ ತೇಗು, ಎದೆ ಉರಿ ಅಪರೂಪಕ್ಕೆ ಬಂದ್ರೆ ಆಂಟಾಸಿಡ್, ಅಂದ್ರೆ ಹೊಟ್ಟೆಯ ಆಸಿಡ್ ತಗ್ಗಿಸೋ ಔಷಧಿ, ಸಾಕು. ಅದರಲ್ಲಿರೋ ಮೆಗ್ನೀಸಿಯಂ ಮೋಷನ್ ಸಡಿಲ ಮಾಡುತ್ತೆ, ಅಲ್ಯೂಮಿನಿಯಂ ಗಟ್ಟಿ ಮಾಡುತ್ತೆ, ಅದಕ್ಕೇ ತುಂಬಾ ಸಿರಪ್‌ಗಳಲ್ಲಿ ಎರಡೂ ಸೇರಿಸಿರ್ತಾರೆ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದಕ್ಕೂ ಆಂಟಾಸಿಡ್‌ಗೂ ನಡುವೆ 4 ಗಂಟೆ ಗ್ಯಾಪ್ ಬಿಡಿ, ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲ್ಲ. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಆಂಟಾಸಿಡ್ ಮುಟ್ಟಲೇಬೇಡಿ. ನೀರಲ್ಲಿ ಬುಸ್ ಅನ್ನೋ ಪುಡಿಗಳಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರೋರಿಗೆ ಒಳ್ಳೇದಲ್ಲ. ಹೊಟ್ಟೆಯಲ್ಲಿ ಆಸಿಡ್ ಹುಟ್ಟೋದನ್ನೇ ಕಮ್ಮಿ ಮಾಡೋ ಒಮೆಪ್ರಜೋಲ್ ತಗೊಂಡ ತಕ್ಷಣ ಉರಿ ಹೋಗಲಿಲ್ಲ ಅಂತ ಇನ್ನೊಂದು ನುಂಗೋರಿದ್ದಾರೆ, ಅದು ಪೂರ್ತಿ ಕೆಲಸ ಮಾಡೋಕೆ 1ರಿಂದ 4 ದಿನ ಬೇಕು, ಊಟಕ್ಕೆ ಮುಂಚೆ ತಗೋಬೇಕು, ನಾವಾಗೇ ತಗೊಳ್ಳೋದಾದ್ರೆ 14 ದಿನಕ್ಕಿಂತ ಜಾಸ್ತಿ ಬೇಡ.

ಲೂಸ್ ಮೋಷನ್‌ಗೆ ಎಲ್ರೂ ಮೊದಲು ಕೇಳೋದು ನಿಲ್ಲಿಸೋ ಮಾತ್ರೆ. ನನ್ನ ಕೇಳಿದ್ರೆ ಮೊದಲು ತಗೋಬೇಕಾಗಿರೋದು ಓಆರ್‌ಎಸ್, ಅಂದ್ರೆ ನೀರಲ್ಲಿ ಕಲೆಸಿ ಕುಡಿಯೋ ಉಪ್ಪು-ಸಕ್ಕರೆ ಪುಡಿ, ಯಾಕಂದ್ರೆ ಸುಸ್ತು ಮಾಡೋದು ಮೈಯಿಂದ ಹೋಗೋ ನೀರು, ಉಪ್ಪು. ಪ್ಯಾಕೆಟ್ ಮೇಲೆ 1 ಲೀಟರ್ ಅಂತ ಇದ್ರೆ ಪೂರ್ತಿ 1 ಲೀಟರ್ ಕುಡಿಯೋ ನೀರಿಗೇ ಹಾಕಿ, ಒಂದು ಗ್ಲಾಸ್‌ಗೆ ಅಂದಾಜಲ್ಲಿ ಸುರಿದ್ರೆ ಉಪ್ಪು ಜಾಸ್ತಿಯಾಗುತ್ತೆ, ಮಕ್ಕಳಿಗಂತೂ ಅದು ಅಪಾಯ. ರುಚಿ ಇಲ್ಲ ಅಂತ ಮೇಲಿಂದ ಇನ್ನಷ್ಟು ಸಕ್ಕರೆ ಬೆರೆಸ್ಬೇಡಿ. ವಾಂತಿ ಆದ್ರೆ 10 ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಡಿ. ಕಲೆಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಿ.

ಮೋಷನ್ ನಿಲ್ಲಿಸೋ ಮಾತ್ರೆ ಲೋಪೆರಮೈಡ್ ದೊಡ್ಡೋರಿಗೆ ಮಾತ್ರ ಅಂತಿಟ್ಕೊಳ್ಳಿ: ಮೊದಲು 2 ಮಿಗ್ರಾಂನ ಎರಡು ಮಾತ್ರೆ, ಆಮೇಲೆ ಪ್ರತಿ ಸಲ ನೀರಾಗಿ ಹೋದ್ಮೇಲೆ ಒಂದು, ದಿನಕ್ಕೆ 8 ಮಿಗ್ರಾಂ ಅಂದ್ರೆ ಒಟ್ಟು ನಾಲ್ಕು ದಾಟಬಾರದು, ಓವರ್ ಡೋಸ್ ಆದ್ರೆ ಹೃದಯದ ಬಡಿತವೇ ತಾಳ ತಪ್ಪುತ್ತೆ. ಜ್ವರ ಇದ್ರೆ, ಮಲದಲ್ಲಿ ರಕ್ತ ಕಂಡ್ರೆ ಅದು ಬೇಡವೇ ಬೇಡ, ಒಳಗಿರೋ ಸೋಂಕು ಆಚೆ ಹೋಗದೆ ಅಲ್ಲೇ ಉಳ್ಕೊಳ್ಳುತ್ತೆ.

ಹೊಟ್ಟೆ ನೋವಿಗೆ ಅಂತ ಐಬುಪ್ರೊಫೆನ್, ಆಸ್ಪಿರಿನ್ ನುಂಗ್ಬೇಡಿ, ಅವು ಜಠರಕ್ಕೇ ಪೆಟ್ಟು. ಹಿಂದಿನ ಸಲ ಉಳಿದಿದ್ದ ಆಂಟಿಬಯೋಟಿಕ್ ಕೂಡ ಬೇಡ.

ದೊಡ್ಡೋರಿಗೆ 2 ದಿನದಲ್ಲಿ ಬೇಧಿ ನಿಲ್ಲದಿದ್ರೆ, ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಮಲ ಹೋದ್ರೆ, ವಾಂತಿಯಲ್ಲಿ ರಕ್ತ ಬಂದ್ರೆ, ಮೂತ್ರ ತೀರಾ ಕಮ್ಮಿಯಾದ್ರೆ, ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿದು ಜೋರಾದ್ರೆ ಡಾಕ್ಟರ ಹತ್ರ ಹೋಗಿ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದೋರ ವಿಷಯದಲ್ಲಿ ಅಷ್ಟು ದಿನ ಕಾಯೋದೇ ಬೇಡ. ಎದೆ ಉರಿ ಜೊತೆ ಬೆವರು, ಉಸಿರು ಕಟ್ಟೋದು, ಕೈಗೋ ದವಡೆಗೋ ಹರಿಯೋ ನೋವು ಇದ್ರೆ ಆಂಟಾಸಿಡ್ ಕುಡಿದು ನೋಡೋಣ ಅಂತ ಕೂರದೆ ಸೀದಾ ಆಂಬುಲೆನ್ಸ್ ಕರೀರಿ.