ಚಿಟ್ಟೆಯ ರೆಕ್ಕೆ ಬಿಡಿಸೋಕೆ ಅವಸರ ಬೇಡ

ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಡೋಕೆ ಅಂತ, ಒಣಗಿದ ಚಿಟ್ಟೆ ಸಿಕ್ಕ ಕೂಡಲೇ ರೆಕ್ಕೆ ಬಿಡಿಸಲು ಹೋಗಿ, ಬೆರಳ ತುಂಬಾ ಬಣ್ಣದ ಹುಡಿ ಮೆತ್ತಿಕೊಂಡು ಪೆಚ್ಚಾಗಿ ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಸಲ ಹಾಗೆ ಕೂತಿದ್ದು ನಾನೇ. ರೆಕ್ಕೆ ಬುಡದಲ್ಲೇ ‘ಟಕ್’ ಅಂತ ಮುರಿದಿತ್ತು. ಗಾಜಿನ ಪೆಟ್ಟಿಗೆಯನ್ನು ವಾರಗಟ್ಟಲೆ ಉಜ್ಜಿ ಪಾಲಿಶ್ ಮಾಡುವವರು ಚಿಟ್ಟೆಗೆ ಮಾತ್ರ ಅರ್ಧ ಗಂಟೆ ಕೊಡ್ತಾರೆ, ಎಡವಟ್ಟಾಗುವುದು ಅಲ್ಲೇ.

ಹಂತ 1: ಚಿಟ್ಟೆ ಹೊಂದಿಸಿಕೊಳ್ಳಿ. ಹಾರುತ್ತಿರುವುದನ್ನು ಹಿಡಿದು ಕೊಲ್ಲಬೇಡಿ. ಕಿಟಕಿಯ ಬಳಿ, ದೀಪದ ಕೆಳಗೆ ತಾನಾಗಿ ಸತ್ತು ಬಿದ್ದವು ಸಾಕು. ಕೆಲವು ಜಾತಿಗಳನ್ನು ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ, ಕಾನೂನು ನೋಡಿಕೊಳ್ಳಿ. ಕೊಳ್ಳುವುದಾದರೆ ಇನ್ನೂ ಹುಷಾರು. ಜಗತ್ತಿನ ಅತಿ ದೊಡ್ಡ ಚಿಟ್ಟೆ ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರವೇ ನಿಷಿದ್ಧ. ಸಿಕ್ಕ ಚಿಟ್ಟೆಯನ್ನು ರೆಕ್ಕೆ ಮಡಚಿದ ಹಾಗೇ ತ್ರಿಕೋನಾಕಾರದ ಕಾಗದದ ಪೊಟ್ಟಣದಲ್ಲಿಡಿ. ಸಿಕ್ಕ ಜಾಗ, ತಾರೀಖು ಮೇಲೆಯೇ ಬರೆದುಬಿಡಿ, ಆಮೇಲೆ ಖಂಡಿತ ಮರೆತುಹೋಗುತ್ತದೆ.

ಹಂತ 2: ಮೆತ್ತಗಾಗಿಸಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ ಹಾಸಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ಒದ್ದೆ. ಬೂಸ್ಟು ಬರದಿರಲಿ ಅಂತ ನಾಲ್ಕು ಹನಿ ಡೆಟ್ಟಾಲ್ ಹಾಕಿ. ಮೇಲೊಂದು ಸಣ್ಣ ಮುಚ್ಚಳ ಇಟ್ಟು, ಅದರ ಮೇಲೆ ಚಿಟ್ಟೆ ಇಡಿ. ನೀರು ರೆಕ್ಕೆಗೆ ನೇರವಾಗಿ ತಾಗಿದರೆ ಕಲೆ ನಿಲ್ಲುತ್ತದೆ. ಚಿಕ್ಕ ಚಿಟ್ಟೆಗೆ ಒಂದು ದಿನ, ದೊಡ್ಡದಕ್ಕೆ ಮೂರು ನಾಲ್ಕು ದಿನ ಬೇಕು. ದಿನಾ ಒಮ್ಮೆ ನೋಡಿ, ಜಾಸ್ತಿ ಬಿಟ್ಟರೆ ಬೂಸ್ಟು ಖಚಿತ. ಚಪ್ಪಟೆ ತುದಿಯ ಚಿಮಟದಿಂದ ರೆಕ್ಕೆಯ ಬುಡದ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ. ಬಾಗಿಲ ಕೀಲಿನ ಹಾಗೆ ಸಲೀಸಾಗಿ ತೆರೆದುಕೊಂಡರೆ ಆಯ್ತು. ಸ್ವಲ್ಪ ಬಿಗಿ ಅನ್ನಿಸಿದರೂ ಮತ್ತೆ ಡಬ್ಬಿಗೆ ಹಾಕಿ. ಕೆಟಲ್‌ನ ಹಬೆ ಹಿಡಿದರೆ ಬೇಗ ಆಗುತ್ತೆ ಅನ್ನುವವರಿದ್ದಾರೆ. ರೆಕ್ಕೆ ಮೆತ್ತಗಾಗುತ್ತೆ ನಿಜ, ಆದರೆ ಅದನ್ನು ಆಡಿಸುವ ಸ್ನಾಯು ಇರುವುದು ಎದೆಯೊಳಗೆ, ಅಲ್ವಾ? ಅದು ಹಾಗೇ ಗಟ್ಟಿಯಾಗಿರುತ್ತದೆ.

ಹಂತ 3: ಸೂಜಿ ಚುಚ್ಚಿ. ಎದೆಯ ನಟ್ಟನಡುವೆ, ನೇರ ಕೆಳಕ್ಕೆ. ಸೂಜಿಯ ಮೇಲ್ತುದಿ ಒಂದು ಸೆಂಟಿಮೀಟರ್‌ನಷ್ಟು ಹೊರಗಿರಲಿ. ಕೀಟಗಳಿಗಂತಲೇ ಬರುವ ಸ್ಟೀಲ್ ಸೂಜಿ ಬಳಸಿ, 2 ಅಥವಾ 3ನೇ ನಂಬರ್. ಹೊಲಿಗೆಯ ಗುಂಡುಸೂಜಿ ದಪ್ಪ, ಗಿಡ್ಡ, ಸಾಲದ್ದಕ್ಕೆ ತುಕ್ಕು ಹಿಡಿಯುತ್ತದೆ.

ಹಂತ 4: ರೆಕ್ಕೆ ಬಿಡಿಸಿ. ಇದಕ್ಕೆ ನಡುವೆ ಕಾಲುವೆ ಇರುವ ಮೆತ್ತನೆಯ ಹಲಗೆ ಬೇಕು. ದಪ್ಪ ಫೋಮಿನ ಎರಡು ಪಟ್ಟಿಗಳನ್ನು ಚಿಟ್ಟೆಯ ಮೈ ಹಿಡಿಸುವಷ್ಟು ಸಂದು ಬಿಟ್ಟು ಅಂಟಿಸಿದರೂ ಸಾಕು. ಮೈ ಕಾಲುವೆಯೊಳಗೆ ಇಳಿದು, ರೆಕ್ಕೆಯ ಬುಡ ಹಲಗೆಯ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಮೈ ಮೇಲೆದ್ದಿದ್ದರೆ ರೆಕ್ಕೆ ಕೆಳಗೆ ಜೋಲುತ್ತದೆ, ತೀರಾ ಇಳಿದರೆ ಮೇಲಕ್ಕೆ ಸೆಟೆಯುತ್ತದೆ. ಹೊಟ್ಟೆಯ ಬುಡಕ್ಕೆ ಎರಡೂ ಬದಿ ಒಂದೊಂದು ಸೂಜಿ ನಿಲ್ಲಿಸಿ, ಇಲ್ಲದಿದ್ದರೆ ರೆಕ್ಕೆ ಎಳೆದಾಗ ಇಡೀ ಚಿಟ್ಟೆ ಗಿರ್ರನೆ ತಿರುಗಿಬಿಡುತ್ತದೆ.

ಈಗ ಟ್ರೇಸಿಂಗ್ ಪೇಪರಿನ ಪಟ್ಟಿಯನ್ನು ರೆಕ್ಕೆಯ ಮೇಲೆ ಹಾಸಿ, ತಲೆಯ ಕಡೆಯ ತುದಿಗೆ ಮಾತ್ರ ಸೂಜಿ ಹಾಕಿ. ಇನ್ನೊಂದು ತುದಿ ಎಡಗೈಯಲ್ಲಿರಲಿ, ಬೇಕಾದಾಗ ಸಡಿಲಿಸಿ, ಬೇಕಾದಾಗ ಒತ್ತಿ ಹಿಡಿಯೋಕೆ. ಬಲಗೈಯ ಸೂಜಿಯನ್ನು ಮುಂದಿನ ರೆಕ್ಕೆಯ ಮುಂಬದಿಯ ದಪ್ಪ ನರದ ಹಿಂದೆ ಆನಿಸಿ ಮೇಲಕ್ಕೆ ತಳ್ಳಿ. ಚುಚ್ಚಬೇಡಿ, ಆನಿಸಿದರೆ ಸಾಕು. ಮುಂದಿನ ರೆಕ್ಕೆಯ ಕೆಳ ಅಂಚು ಮೈಗೆ 90 ಡಿಗ್ರಿ ಆದಾಗ ನಿಲ್ಲಿಸಿ. ತೆಳು ಪೊರೆಗೆ ಸೂಜಿ ಹಾಕಿದರೆ ಉದ್ದಕ್ಕೂ ಸೀಳುತ್ತದೆ, ಅದಕ್ಕೇ ನರ ಹುಡುಕಿ ಅನ್ನೋದು. ಎಡ, ಬಲ ಎರಡೂ ಮುಂದಿನ ರೆಕ್ಕೆ ಮುಗಿದ ಮೇಲೆಯೇ ಹಿಂದಿನ ರೆಕ್ಕೆಗೆ ಬನ್ನಿ. ಅದರ ಮೇಲಂಚು ಮುಂದಿನ ರೆಕ್ಕೆಯ ಅಡಿಗೆ ತುಸು ಜಾರಬೇಕು, ನಡುವೆ ಸಂದು ಕಾಣಬಾರದು. ಆಮೇಲೆ ಪಟ್ಟಿ ಒತ್ತಿ, ರೆಕ್ಕೆಯ ಸುತ್ತ ಸೂಜಿ ಹಾಕಿ. ಸೆಲ್ಲೋಟೇಪ್ ಹತ್ತಿರಕ್ಕೂ ತರಬೇಡಿ, ತೆಗೆಯುವಾಗ ಬಣ್ಣದ ಹುಡಿಯೆಲ್ಲ ಟೇಪಿಗೇ ಹೋಗುತ್ತದೆ. ಮೀಸೆಗಳನ್ನು ಇಂಗ್ಲಿಷಿನ ವಿ ಆಕಾರಕ್ಕೆ ಸೂಜಿ ಆನಿಸಿ ಕೂರಿಸಿ. ಇವು ಎಲ್ಲಕ್ಕಿಂತ ಮೊದಲು ಒಣಗುತ್ತವೆ, ಆದ್ದರಿಂದ ಮಧ್ಯದಲ್ಲಿ ಎದ್ದು ಊಟಕ್ಕೆ ಹೋಗುವ ಹಾಗಿಲ್ಲ.

ಹಂತ 5: ಎರಡು ವಾರ ಒಣಗಲು ಬಿಡಿ. ಹೊಟ್ಟೆಗೆ ಸೂಜಿ ಮೆಲ್ಲಗೆ ತಾಗಿಸಿದಾಗ ಅದೊಂದೇ ಬಾಗಿದರೆ ಇನ್ನೂ ಹಸಿ ಇದೆ ಅಂತ. ಮೀಸೆಯೋ ಕಾಲೋ ಮುರಿದರೆ ಸೂಜಿಯ ತುದಿಯಲ್ಲಿ ಬಿಳಿ ಅಂಟು ತಾಗಿಸಿ ಕೂರಿಸಿ. ಸೂಪರ್‌ಗ್ಲೂ ಬೇಡ, ಬೆಳ್ಳಗಿನ ಮಬ್ಬು ಕಟ್ಟುತ್ತದೆ.

ಹಂತ 6: ಪೆಟ್ಟಿಗೆಗೆ ಹಾಕಿ. ತಳಕ್ಕೆ ಥರ್ಮೋಕೋಲ್ ಹಾಕಬೇಡಿ. ಹುಳು ಬರದಿರಲಿ ಅಂತ ನುಸಿಗುಳಿಗೆ ಇಟ್ಟರೆ, ಅದು ತಾಗಿದ ಕಡೆ ಥರ್ಮೋಕೋಲ್ ಕರಗಿ ಅಂಟಂಟಾಗುತ್ತದೆ. ಪಾಲಿಥೀನ್ ಫೋಮ್ ಒಳ್ಳೆಯದು. ಗಾಜಿನ ಅಂಚಿನಲ್ಲಿ ಕೂದಲೆಳೆಯ ಸಂದೂ ಇರಬಾರದು, ಪೆಟ್ಟಿಗೆ ಬಿಸಿಲಿಗೆ ಬೀಳಬಾರದು. ಮಾರ್ಫೋ ಚಿಟ್ಟೆಯ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಯಿಂದ ಬಂದದ್ದು, ಹಾಗಾಗಿ ಸುಲಭಕ್ಕೆ ಮಾಸುವುದಿಲ್ಲ. ಹಳದಿ, ಕಿತ್ತಳೆ ಚಿಟ್ಟೆಗಳಿಗೆ ಆ ಭಾಗ್ಯವಿಲ್ಲ.

ಆಮೇಲೆ ತಿಂಗಳಿಗೊಮ್ಮೆ ಚಿಟ್ಟೆಯ ಕೆಳಗೆ ಕಣ್ಣಾಡಿಸಿ. ಕಂದು ಪುಡಿ ಬಿದ್ದಿದ್ದರೆ ಒಳಗೆ ಹುಳು ಸೇರಿದೆ. ಇಡೀ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೂ ಒಂದು ದಿನ ಕವರ್ ಬಿಚ್ಚಬೇಡಿ. ತಣ್ಣಗಿನ ರೆಕ್ಕೆಗೆ ಹೊರಗಿನ ಗಾಳಿ ತಾಗಿದರೆ ಅದರ ಮೇಲೆಲ್ಲ ನೀರಹನಿ ಕೂರುತ್ತದೆ.