ಗೋವಾದಾಗ ಜಾರ್ಜಿಯನ್ ಊಟಕ್ಕ ಹೊಂಟ್ರ: ಏನ್ ಆರ್ಡರ್ ಮಾಡೂದು, ಹೆಂಗ ತಿನ್ನೂದು

ಹುಬ್ಬಳ್ಳಿ ಧಾರವಾಡ ಕಡೆಯಿಂದ ಯಾರರ ಗೋವಾಕ್ಕ ಬಂದ್ರ ಮಾಪುಸಾದಾಗಿನ ನಮ್ಮನಿಯೊಳಗ ಒಂದ್ ರಾತ್ರಿ ಇರ್ತಾರ, ನಾನೂ ಅವರನ್ನ ಮೋರ್ಜಿಮ್, ಮಾಂದ್ರೆ ಕಡೆ ಜಾರ್ಜಿಯನ್ ಊಟಕ್ಕ ಕರ್ಕೊಂಡ ಹೋಗ್ತೀನಿ. ಬರೇ ಹೊಸಾದು ತೋರ್ಸೂದಕ್ಕ ಅಲ್ಲ. ಪರದೇಶದ ಊಟದಾಗ ನಮ್ಮ ಉತ್ತರ ಕರ್ನಾಟಕದ ನಾಲಿಗಿಗೆ ಇಷ್ಟ ಸಮೀಪ ಇರೂದು ನಾ ಬ್ಯಾರೆ ಕಂಡಿಲ್ಲ. ಬದನಿಕಾಯಿ, ಹಸಿ ಕೊತ್ತಂಬರಿ, ಬಳ್ಳೊಳ್ಳಿ, ಹುಳಿ, ಕೆಂಪ ಖಾರ, ಕಾಳ, ರೊಟ್ಟಿ ಎಲ್ಲಾ ಐತಿ, ನಾವು ಶೇಂಗಾ ಹಾಕೋ ಕಡೆ ಅವರು ಅಕ್ರೋಟ್ ಹಾಕ್ತಾರ, ಅಷ್ಟ.

ಇದು ಅಮೆರಿಕದ ಜಾರ್ಜಿಯಾ ಅಲ್ರಿ, ಕಪ್ಪು ಸಮುದ್ರದ ದಂಡಿಗೆ ಕಾಕಸಸ್ ಪರ್ವತದ ಬುಡಕ್ಕಿರೋ ದೇಶ, ರಾಜಧಾನಿ ಟ್ಬಿಲಿಸಿ. ಮೋರ್ಜಿಮ್ ಕಡೆ ರಷ್ಯಾದ ಮಂದಿ ಭಾಳ, ಅದಕ್ಕ ಸುಮಾರ್ ಕಡೆ ರಷ್ಯನ್ ಮತ್ತ ಜಾರ್ಜಿಯನ್ ಒಂದ ಮೆನುದಾಗ ಇರ್ತಾವ. ಬೋರ್ಶ್, ಪೆಲ್ಮೆನಿ, ಸಿರ್ನಿಕಿ ಅಂತ ಕಂಡ್ರ ಅವು ಜಾರ್ಜಿಯಾದ್ದಲ್ಲ. ಖಿಂಕಾಲಿ (ಒಳಗ ಹೂರಣ ತುಂಬಿದ ಕಡಬು), ಖಚಾಪುರಿ (ಚೀಸ್ ರೊಟ್ಟಿ), ಫ್ಖಾಲಿ (ತರಕಾರಿ ಅಕ್ರೋಟ್ ಉಂಡಿ), ಲೋಬಿಯೋ (ಕಾಳಿನ ಪದಾರ್ಥ) ಈ ನಾಕ್ ಹೆಸರ ಬಾಯಾಗಿದ್ರ ಸಾಕು. ಮಳಿಗಾಲದಾಗ ಆ ಕಡೆ ಭಾಳ ಹೋಟೆಲ್ ಬಾಗ್ಲಾ ಹಾಕಿರ್ತಾವ, ಫೋನ್ ಮಾಡಿನ ಹೋಗ್ರಿ. ನವೆಂಬರದಿಂದ ಮಾರ್ಚ್ ತನಕ ಛಲೋ.

ಆರ್ಡರ್ ಮಾಡುಮುಂದ ತಲಿಗೊಂದು ಪ್ಲೇಟ್ ಅನ್ನೋ ಲೆಕ್ಕ ಬಿಟ್ಟಬಿಡ್ರಿ. ನಾವ್ ಮೊದ್ಲನೇ ಸಲ ನಾಕ್ ಮಂದಿ ನಾಕ್ ಖಚಾಪುರಿ ಹೇಳಿದ್ವಿ, ಒಂದೊಂದೂ ದೊಡ್ಡ ತಾಟಿನಷ್ಟು, ಒಳಗ ಪೂರಾ ಚೀಸ್, ಎರಡ ಹಂಗ ಉಳದ್ವು. ಜಾರ್ಜಿಯಾದಾಗ ಎಲ್ಲಾ ಟೇಬಲ್ ನಡುವ ಇಟ್ಟು ಹಂಚ್ಕೊಂಡ ತಿನ್ನೂದು ಪದ್ಧತಿ, ಅಂಥಾ ದೊಡ್ಡ ಊಟಕ್ಕ ಸುಪ್ರಾ ಅಂತಾರ. ನಾಕ್ ಮಂದಿಗೆ ಒಂದ್ ಖಚಾಪುರಿ, ಒಂದ್ ತಣ್ಣನ್ನ ಅಕ್ರೋಟ್ ಪದಾರ್ಥ, ಒಂದ್ ಲೋಬಿಯೋ, ಹತ್ತ್ ಹನ್ನೆರಡ ಖಿಂಕಾಲಿ ಹೇಳ್ರಿ, ಸಾಲದಿದ್ರ ಮತ್ತ ಹೇಳಿದ್ರಾತು. ಖಚಾಪುರಿ ಹೊಸದಾಗಿ ಬೇಯಿಸಿ ತರ್ತಾರ, ಹೊತ್ತ ಹಿಡಿತೈತಿ, ಹುಡುಗ್ರು ಹಸ್ಕೊಂಡಿದ್ರ ಕುಂತ ಕೂಡ್ಲೆ ಅದನ್ನ ಮೊದ್ಲ ಹೇಳ್ಬಿಡ್ರಿ.

ಈಗ ಖಿಂಕಾಲಿ. ನೋಡಾಕ ನಮ್ಮ ಮೋದಕದಂಗ, ಸುತ್ತ ನಿರಿಗಿ, ಮ್ಯಾಲ ಹಿಟ್ಟಿನ ತುಂಬು, ಅಂದ್ರ ತೊಟ್ಟು. ಮೂಲ ಪ್ಶಾವಿ, ಖೆವ್ಸುರೆತಿ ಅನ್ನೋ ಗುಡ್ಡಗಾಡ ಸೀಮಿದು. ಮಾಂಸದ ಖಿಂಕಾಲಿ ಬೇಯುಮುಂದ ಒಳಗ ರಸ ಬಿಡ್ತೈತಿ, ಆ ರಸಾನ ಅದರ ಜೀವ. ಅದಕ್ಕ ಫೋರ್ಕ್, ಚಾಕು ಮುಟ್ಟಬ್ಯಾಡ್ರಿ. ನಮ್ಮ ಮೈದುನ ಫೋರ್ಕ್ ಚುಚ್ಚಿದ, ರಸ ಎಲ್ಲಾ ತಾಟಿಗೆ ಹರೀತು, ಉಳಿದಿದ್ದು ಒಣ ಖೀಮಾ ಮತ್ತ ಹಿಟ್ಟು. ತುಂಬು ಹಿಡದು ಎತ್ರಿ, ತಲಿಕೆಳಗ ಮಾಡ್ರಿ, ಮಗ್ಗಲಾಗ ಸಣ್ಣದೊಂದ್ ತೂತ ಆಗೋವಂಗ ಕಚ್ಚಿ ಮೊದ್ಲ ರಸ ಹೀರ್ರಿ, ಆಮ್ಯಾಲ ಉಳಿದಿದ್ದು ತಿನ್ರಿ. ಹಬಿ ಆಡೂದಿರ್ತೈತಿ, ಊದಿ ಊದಿ ಕಚ್ರಿ, ಆದ್ರ ಆರಾಕ ಮಾತ್ರ ಬಿಡಬ್ಯಾಡ್ರಿ, ಆರಿದ್ರ ಹಿಟ್ಟು ಗಟ್ಟಿ ಆಗ್ತೈತಿ. ಮ್ಯಾಲ ಕರಿಮೆಣಸಿನ ಪುಡಿ ಉದುರಿಸಿದ್ರ ಮುಗೀತು, ಸಾಸ್ ಕೇಳಬ್ಯಾಡ್ರಿ. ತುಂಬು ತಿನ್ನಂಗಿಲ್ಲ, ಅಲ್ಲಿ ಹಿಟ್ಟು ದಪ್ಪ ಇರ್ತೈತಿ, ಪೂರಾ ಬೆಂದಿರಂಗಿಲ್ಲ, ತಾಟಿನ ದಂಡಿಗಿಟ್ರ ಯಾರ್ ಎಷ್ಟ್ ತಿಂದ್ರು ಅಂತ ಲೆಕ್ಕಾನೂ ಸಿಗ್ತೈತಿ. ಆಲೂಗಡ್ಡಿ, ಚೀಸ್, ಅಣಬಿಯ ಖಿಂಕಾಲಿನೂ ಇರ್ತಾವ. ಆಲೂಗಡ್ಡಿದ್ರಾಗ ರಸ ಇರಂಗಿಲ್ಲ, ನನಗ ಅಣಬಿದ ಭಾಳ ಸೇರ್ತೈತಿ.

ಖಚಾಪುರಿ ಅಂದ್ರ ಖಚೋ ಮತ್ತ ಪುರಿ. ಖಚೋ ಅಂದ್ರ ಹಾಲು ಒಡ್ಸಿದ ಮೆತ್ತನ್ನ ಗಿಣ್ಣ, ಪುರಿ ಅಂದ್ರ ಅವರ ಭಾಷಾದಾಗ ರೊಟ್ಟಿ, ಬ್ರೆಡ್. ಕರದ ಪುರಿ ಅಲ್ಲ ಅಂತ ಮನ್ಯಾಗಿನ ಹಿರ್ಯಾರಿಗೆ ಮೊದ್ಲ ಹೇಳ್ರಿ. ಇಮೆರುಲಿ ಅಂದ್ರ ದುಂಡಗ, ಚೀಸ್ ಒಳಗ, ನಮ್ಮ ಹೋಳಿಗಿ ತುಂಬಿದಂಗ. ಮೆಗ್ರುಲಿಗೆ ಒಳಗೂ ಚೀಸ್, ಮ್ಯಾಲೂ ಚೀಸ್. ಎಲ್ಲಾರೂ ಫೋಟೋ ತಗಿಯೋ ದೋಣಿಯಂಥಾದ್ದು ಅಜಾರುಲಿ, ಬಟುಮಿ ಇರೋ ಅಜಾರಾ ಸೀಮಿದು, ನಡುವ ಹಸಿ ತತ್ತಿ, ಬೆಣ್ಣಿ. ಬಂದ ಕೂಡ್ಲೆ ತತ್ತಿ, ಬೆಣ್ಣಿ, ಚೀಸ್ ಮೂರೂ ಜೋರಾಗಿ ಕಲಸ್ರಿ, ಚೀಸಿನ ಬಿಸಿಗೇ ತತ್ತಿ ಬೇಯೂದು, ತಡಾ ಮಾಡಿದ್ರ ಹಸಿ ಹಂಗ ಉಳೀತೈತಿ. ಆಮ್ಯಾಲ ದಂಡಿ ಮುರ್ಕೊಂಡು ನಡುವ ಎದ್ದಿ ತಿನ್ನೂದು, ಥೇಟ್ ರೊಟ್ಟಿ ಮುರದು ಪಲ್ಲೆ ಹಚ್ಚಿದಂಗ. ತತ್ತಿ ತಿನ್ನದೋರು ತತ್ತಿ ಬ್ಯಾಡ ಅಂದ್ರ ಬಿಟ್ಟು ಮಾಡ್ತಾರ. ಅವರ ಸುಲುಗುನಿ ಚೀಸ್ ಸಿಗದಿದ್ರ ಮೊಝರೆಲ್ಲಾ, ಫೆಟಾ ಸೇರ್ಸಿ ಮಾಡೂದುಂಟು, ರುಚಿ ಸ್ವಲ್ಪ ಕಮ್ಮಿ ಆದ್ರೂ ತಪ್ಪೇನಿಲ್ಲ.

ನಮ್ಮ ಅತ್ತಿ ಪಕ್ಕಾ ಶಾಕಾಹಾರಿ, ಅವರನ್ನ ಕರ್ಕೊಂಡ ಹೋಗುಮುಂದ ನನಗ ಅಂಜಿಕಿ ಇತ್ತು. ಆದ್ರ ಜಾರ್ಜಿಯಾದ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರಿಗೆ ಉಪವಾಸದ ದಿನಾ ಭಾಳ, ಬುಧವಾರ, ಶುಕ್ರವಾರ, ಮತ್ತ ಈಸ್ಟರಿಗಿಂತ ಮೊದ್ಲ ವಾರಗಟ್ಲೆ, ಆವಾಗ ಮಾಂಸ ಅಷ್ಟ ಅಲ್ಲ ಹಾಲು ತತ್ತಿನೂ ಬಿಡ್ತಾರ, ಅದಕ್ಕ ಅವರ ಅಡಗಿಯೊಳಗ ಮಾಂಸ ಇಲ್ಲದ ಪದಾರ್ಥ ಬೇಕಾದಷ್ಟ ಅದಾವ. ಫ್ಖಾಲಿ ಅಂದ್ರ ಪಾಲಕ್ ಇಲ್ಲಾ ಬೀಟ್‌ರೂಟ್ ಬೇಯ್ಸಿ ಹಿಂಡಿ, ಅಕ್ರೋಟ್, ಬಳ್ಳೊಳ್ಳಿ, ಕೊತ್ತಂಬರಿ ಅರದು ಕಲಸಿದ ಉಂಡಿ, ಮ್ಯಾಲ ದಾಳಿಂಬ್ರಿ ಕಾಳು. ಬದ್ರಿಜಾನಿ ಅಂದ್ರ ಬದನಿಕಾಯಿ, ಉದ್ದಕ ಹೆಚ್ಚಿ ಎಣ್ಣಿಯೊಳಗ ಹುರದು ಅದರಾಗ ಅಕ್ರೋಟ್ ಹೂರಣ ಸುತ್ತಿರ್ತಾರ, ಅತ್ತಿ ಮೊದ್ಲನೇ ತುತ್ತಿಗೇ "ಇದು ನಮ್ಮ ಎಣ್ಣಿಗಾಯಿಯ ತಂಗಿ ಅಲ್ಲೇನು" ಅಂದ್ರು. ಇವೆರಡೂ ತಣ್ಣಗ ಬರ್ತಾವ, ಬಿಸಿ ಮಾಡ್ಕೊಂಡ ಬರ್ರಿ ಅಂತ ವಾಪಸ್ ಕಳಸಬ್ಯಾಡ್ರಿ. ಲೋಬಿಯೋ ಅಂದ್ರ ರಾಜ್ಮಾದಂಥಾ ಕಾಳು, ಮಣ್ಣಿನ ಗಡಿಗ್ಯಾಗ ಬರ್ತೈತಿ, ಜೋಡಿ ಮ್ಛಾದಿ ಅನ್ನೋ ಗೋವಿನಜೋಳದ ರೊಟ್ಟಿ ಕೇಳಿ ತಗೋರಿ, ರೊಟ್ಟಿ ಕಾಳಪಲ್ಲೆ ತಿಂದಷ್ಟ ಸಮಾಧಾನ. ಕೇಳ್ಬೇಕಾಗಿದ್ದು ಮೂರ ಐತಿ: ಕಾಳ ಬೇಯ್ಸಾಕ ಮಾಂಸದ ನೀರ ಹಾಕ್ಯಾರೇನು, ವೆಜ್ ಖಿಂಕಾಲಿ ಬ್ಯಾರೆ ನೀರಿನ್ಯಾಗ ಕುದಸ್ತಾರೇನು, ಚೀಸಿಗೆ ಪ್ರಾಣಿಯ ರೆನೆಟ್ (ಕರುವಿನ ಹೊಟ್ಟಿಯಿಂದ ತಗಿಯೋ, ಹಾಲು ಒಡಸೋ ಪದಾರ್ಥ) ಹಾಕ್ಯಾರೇನು. ಲೋಬಿಯಾನಿ ಅನ್ನೋ ಕಾಳ ತುಂಬಿದ ರೊಟ್ಟಿನೂ ಛಲೋ, ಆದ್ರ ರಾಚಾ ಸೀಮಿದ್ದು ಅಂದ್ರ ಅದರಾಗ ಹಂದಿ ಮಾಂಸ ಇರ್ತೈತಿ, ಹುಷಾರು.

ಖಾರ ಸಾಲಂಗಿಲ್ಲ ಅನಸಿದ್ರ ಅಜಿಕಾ ಕೇಳ್ರಿ, ಅದು ಅವರ ರಂಜಕ. ಹುಳಿಗೆ ತ್ಕೆಮಾಲಿ, ಹುಳಿ ಪ್ಲಮ್ ಹಣ್ಣಿನ ಚಟ್ನಿ. ಮಸಾಲಿಯೊಳಗ ಒಂದ್ ಪರಿಚಯದ ವಾಸನಿ ಬಂದ್ರ ಅದು ನೀಲಿ ಮೆಂತೆ, ನಮ್ಮ ಮೆಂತೆಯ ಬಳಗದ ಗಿಡ. ಮಾಂಸ ತಿನ್ನೋರಿಗೆ ಮ್ತ್ಸ್ವಾದಿ ಅಂದ್ರ ಕೆಂಡದ ಮ್ಯಾಲ ಸುಟ್ಟಿದ್ದು, ಚಖೋಖ್ಬಿಲಿ ಅಂದ್ರ ಟೊಮ್ಯಾಟೊದಾಗ ಬೇಯ್ಸಿದ ಕೋಳಿ.

ಕುಡಿಯೂದ್ರಾಗ ಬೋರ್ಜೋಮಿ ನೀರು ಉಪ್ಪುಪ್ಪು ಇರ್ತೈತಿ, ಹುಡುಗ್ರಿಗೆ ಅದರ ಬದಲಿ ಹಸಿರ ಬಣ್ಣದ ತರ್ಖುನಾ ಸೋಡಾ ಕೊಡಸ್ರಿ. ವೈನ್ ಕುಡಿಯೋರು ಕ್ವೆವ್ರಿ ವೈನ್ ಐತೇನು ಕೇಳ್ರಿ, ನೆಲದಾಗ ಹುಗದ ಮಣ್ಣಿನ ಹರವ್ಯಾಗ ಮಾಡೂದು, ಆ ಪದ್ಧತಿಯನ್ನ 2013ರಾಗ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ದ್ರಾಕ್ಷಿ ಸಿಪ್ಪಿ ಸಮೇತ ಇಡೂದಕ್ಕ ಬಿಳಿ ದ್ರಾಕ್ಷಿಯ ವೈನೂ ಜೇನಿನ ಬಣ್ಣಕ್ಕ ತಿರಗ್ತೈತಿ, ಒಗರು ಇರ್ತೈತಿ, ಮೊದ್ಲ ಒಂದ್ ಗ್ಲಾಸ್ ಸಾಕು, ಗಾಡಿ ಹೊಡಿಯೋರಿಗೆ ಅದೂ ಬ್ಯಾಡ. ಗ್ಲಾಸ್ ಎತ್ತುಮುಂದ ಗೌಮಾರ್ಜೋಸ್, ಬಡಿಸಿದೋರಿಗೆ ಮದ್ಲೋಬಾ, ಅಂದ್ರ ಥ್ಯಾಂಕ್ಸ್.

ಹಗಲೊತ್ತು ಖಾಲಿ ಇದ್ರ ಮೊದ್ಲ ಹಳೇ ಗೋವಾದಾಗ ಸೇಂಟ್ ಆಗಸ್ಟೀನ್ ಚರ್ಚಿನ ಅರ್ಧ ಬಿದ್ದ ಗೋಪುರ ನೋಡ್ಕೊಂಡ ಬರ್ರಿ, ನಾ ಬಂದೋರಿಗೆಲ್ಲಾ ತೋರಸ್ತೀನಿ. ಜಾರ್ಜಿಯಾದಾಗ ವೈನಿಗೆ ಹೆಸರಾದ ಕಾಖೇತಿ ಸೀಮಿಯ ರಾಣಿ ಕೇತೇವಾನಳನ್ನ ಧರ್ಮ ಬಿಡಲಿಲ್ಲ ಅಂತ ಇರಾನಿನ ಶಾ ಅಬ್ಬಾಸ್ 1624ರಾಗ ಶಿರಾಜಿನ್ಯಾಗ ಕೊಲ್ಲಿಸಿದ, ಅಕಿಯ ಎಲುಬು ಪಾದ್ರಿಗಳು ಇಲ್ಲಿಗೆ ತಂದಿಟ್ಟಿದ್ರು. ಅಲ್ಲಿ ನೆಲ ಅಗಿಯುಮುಂದ ಸಿಕ್ಕ ಎಲುಬಿನ ಡಿಎನ್ಎ ಪರೀಕ್ಷಾ ಹೈದರಾಬಾದಿನ ಸಿಸಿಎಂಬಿ ಅನ್ನೋ ಸಂಶೋಧನಾ ಸಂಸ್ಥೆಯೊಳಗ ಆತು, 2021ರಾಗ ಭಾರತ ಅದರ ಒಂದ್ ಭಾಗ ಜಾರ್ಜಿಯಾಕ್ಕ ಕೊಡ್ತು. ಇದನ್ನ ಕೇಳ್ಕೊಂಡ ಹೋದೋರು ಆ ಊಟದ ಮುಂದ ಬ್ಯಾರೆ ರೀತಿನ ಕುಂದರ್ತಾರ.

ಉಳಿದಿದ್ದು ಪಾರ್ಸಲ್ ಮಾಡಿಸ್ರಿ. ಖಿಂಕಾಲಿ ಮರುದಿನ ಬೆಣ್ಣಿಯೊಳಗ ಹುರದ್ರ ಕುರುಕುರು ಆಗ್ತಾವ, ಅವರೂ ಹಂಗ ಮಾಡ್ತಾರ. ಖಚಾಪುರಿ ಮೈಕ್ರೋವೇವಿನ್ಯಾಗ ಇಟ್ರ ರಬ್ಬರ್ ಆಗ್ತೈತಿ, ಹಂಚಿನ ಮ್ಯಾಲ ಸಣ್ಣ ಉರಿಗೆ, ಮ್ಯಾಲೊಂದ್ ಮುಚ್ಚಳ. ಅತ್ತಿ ಹಂಗ ಬಿಸಿ ಮಾಡಿ ಮ್ಯಾಲ ಶೇಂಗಾ ಚಟ್ನಿ ಪುಡಿ ಉದುರಿಸ್ಕೊಂಡ್ರು, ನಾನೂ ಈಗ ಹಂಗ ತಿಂತೀನಿ.